ನಿಮ್ಮ ಮಗನನ್ನು ಕೋರ್ಟು ಬಿಟ್ಟ ಬಗೆ

ಮಾಸ್ತಿ,
9 ಜೂನ್ 2025

ಅತ್ತೆಯವರಿಗೆ ಸೊಸೆ ಗಂಗಾಲಕ್ಷ್ಮಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಬೈರಕೂರಿನಲ್ಲಿ ಈಗ ರಮ್ಯಳ ಮನೆ ತುಂಬ ಮಾವಿನಹಣ್ಣು ಇರುತ್ತದೆ, ಮಗಳು ಕೊಟ್ಟಳೆಂದು ತಿನ್ನುತ್ತಾ ಕೂರಬೇಡಿ. ಫೋನು ಮಾಡಿದರೆ ನೀವು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಮ್ಯ ಓದಿ ಹೇಳಲಿ. ಸೀಮೆಹಸು ಹೆಣ್ಣುಕರು ಹಾಕಿದೆ. ನನ್ನ ಕೈಮೂಳೆ ಕೂಡಿಕೊಂಡಿದೆ. ಹಾಲು ಕರೆಯುವಷ್ಟು ಬಿಗಿ ಇನ್ನೂ ಬಂದಿಲ್ಲ, ಎದುರುಮನೆ ಭಾರತಮ್ಮ ಬಂದು ಕರೆದುಕೊಡುತ್ತಾರೆ.

ನಿಮ್ಮ ಮಗನ ಕೇಸು ಮಾಲೂರು ಕೋರ್ಟಿನಲ್ಲಿ ಮುಗಿಯಿತು. ಜೈಲಾಗಲಿಲ್ಲ. ಕುಡಿದು ಬಂದು ಸೌದೆಯಲ್ಲಿ ನನ್ನ ಕೈ ಮುರಿದಾಗ ನಾನು ಠಾಣೆಗೆ ಹೋದೆ. “ಗಂಡನ್ನ ಸ್ಟೇಷನ್‌ಗೆ ಎಳ್ದೋಳ ಮನೇಲಿ ನಾನು ನೀರೂ ಮುಟ್ಟಲ್ಲ” ಎಂದು ನೀವು ಬಸ್ಸು ಹತ್ತಿದಿರಿ. ಹೆತ್ತ ಹೊಟ್ಟೆ, ಸಿಟ್ಟು ಬಂದಿದ್ದು ಸಹಜ. ಆದರೆ ಠಾಣೆಗೆ ಹೋಗಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಜಾಮೀನಿನ ಮೇಲೆ ಬಂದವರು ಕೋಲಾರದಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆ ಸೇರಿದರು. ಆಮೇಲೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಶಿಕ್ಷೆ ಹೇಳುವ ಮುಂಚೆ ಅಮರನಾಥ್ ಎಂಬ ಪ್ರೊಬೇಷನ್ ಅಧಿಕಾರಿಯನ್ನು ಕಳಿಸಿದರು. ಅವರು ನಮ್ಮ ಬೀದಿಯಲ್ಲೆಲ್ಲಾ ನಿಮ್ಮ ಮಗನ ನಡತೆ ವಿಚಾರಿಸಿ ವರದಿ ಕೊಟ್ಟರು.

ಜಡ್ಜ್ ಒಬ್ಬರು ಹೆಂಗಸು. “ಕುಡೀದೇ ಇದ್ದಾಗ ಯಾವತ್ತಾದ್ರೂ ಹೆಂಡ್ತಿ ಮೇಲೆ ಕೈ ಎತ್ತಿದ್ದೀರಾ?” ಎಂದು ಕೇಳಿದರು. ನಿಮ್ಮ ಮಗನ ಲಾಯರು ಇಲ್ಲವೆನ್ನುವಂತೆ ಕಣ್ಸನ್ನೆ ಮಾಡುತ್ತಿದ್ದರು. ಇವರು ಮಾತ್ರ “ಎತ್ತಿದ್ದೀನಿ ಮೇಡಂ, ಒಂದ್ಸಲ” ಎಂದುಬಿಟ್ಟರು. ಆ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ನಮ್ಮಮ್ಮನಿಗೂ. ನನಗೆ ಅಳು ಬಂತು. ಈ ಮನುಷ್ಯ ಸರಿಹೋಗಬಹುದು ಎಂದು ಅನ್ನಿಸಿದ್ದು ಅದೇ ಮೊದಲು. ನನ್ನನ್ನು ಕೇಳಿದಾಗ, “ಜೈಲು ಬೇಡ ಮೇಡಂ. ಆದ್ರೆ ಈಗ್ಲೇ ಮನೆಗೂ ಬೇಡ” ಎಂದೆ.

ಎರಡು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದಾರೆ. ಕುಡಿಯಬಾರದು, ಆಸ್ಪತ್ರೆಗೂ ಆಪ್ತ ಸಮಾಲೋಚನೆಗೂ ತಪ್ಪಬಾರದು, ಅಮರನಾಥ್ ಕರೆದಾಗ ಹಾಜರಾಗಬೇಕು. ತಪ್ಪಿದರೆ ಮತ್ತೆ ಕೋರ್ಟು, ಆಗ ಶಿಕ್ಷೆಯೇ. ಸದ್ಯ ಮಾಲೂರಿನಲ್ಲಿ ಚಿಕ್ಕಮಾವನ ಮನೆಯಲ್ಲಿದ್ದು ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದಾರೆ. ಕೈ ನಡುಕ ಕಡಿಮೆಯಾಗಿದೆಯಂತೆ. ಸ್ವಲ್ಪ ಮೈ ಹಿಡಿದಿದ್ದಾರೆ, ನೀವು ನೋಡಿದರೆ ಸಂತೋಷಪಡುತ್ತೀರಿ.

ರಮ್ಯಳನ್ನು ಕೇಳಿದೆನೆಂದು ಹೇಳಿ, ಅವಳ ಕೂಸಿಗೆ ಒಂದು ಮುತ್ತು.

ನಿಮ್ಮ ಕಾಲಿಗೆರಗುವ,
ಗಂಗಾಲಕ್ಷ್ಮಿ

ತಾ.ಕ.: ಅಂಚೆಯವನು ಹೊರಡುವುದರಲ್ಲಿದ್ದಾನೆ. ನಿಮ್ಮ ಮಗ ಯಾರ ಮಾತು ಕೇಳುತ್ತಾರೆ ಎಂದು ಜಡ್ಜ್ ಕೊನೆಗೆ ಕೇಳಿದರು. ನಾವಿಬ್ಬರೂ ನಿಮ್ಮ ಹೆಸರನ್ನೇ ಹೇಳಿದೆವು. ಬರುವ ವಾರ ಅಮರನಾಥ್ ಬೈರಕೂರಿಗೆ ಬಂದು ನಿಮ್ಮನ್ನು ಮಾತಾಡಿಸುತ್ತಾರೆ. ನನ್ನ ಮೇಲಿನ ಸಿಟ್ಟು ಇಟ್ಟುಕೊಂಡೇ ಮನೆಗೆ ಬನ್ನಿ, ಪರವಾಗಿಲ್ಲ. ನೀವು ಒಳಗಿದ್ದರೆ ಮಾತ್ರ ನಾನು ನಿಮ್ಮ ಮಗನಿಗೆ ಬಾಗಿಲು ತೆಗೆಯುತ್ತೇನೆ. ಒಂದೇ ಮಾತು ಅತ್ತೆ: ಅವರು ಮತ್ತೆ ಕುಡಿದು ಬಂದು ಕೈ ಎತ್ತಿದರೆ, ಠಾಣೆಗೆ ನನ್ನ ಜೊತೆ ನೀವೂ ಬರಬೇಕು. ಆಗುತ್ತದೆ ಎನ್ನುವುದಾದರೆ ಹೊರಡಿ.