ಒಂದು ಕಾಲಿನ ಚಪ್ಪಲಿ

ಭಾವನವರಿಗೆ ನಮಸ್ಕಾರಗಳು.

ನೀವು ದೊಡ್ಡ ಮನಸ್ಸು ಮಾಡಿ ಕಳಿಸಿದ ಜನರೇಟರನ್ನು ಹಿತ್ತಲಲ್ಲಿ ಕೂರಿಸಿದ್ದಾರೆ. ಪರೀಕ್ಷೆಗೆಂದು ಮೆಕ್ಯಾನಿಕ್ ನನ್ನ ಕೈಯಿಂದಲೇ ಬಾಗಿಲ ಬಳಿಯ ಮೇನ್ ಸ್ವಿಚ್ ಆಫ್ ಮಾಡಿಸಿದರು. ಮಾವನವರ ಆಕ್ಸಿಜನ್ ಯಂತ್ರ ನಿಂತು, ಹತ್ತೇ ಸೆಕೆಂಡಿಗೆ ಮತ್ತೆ ಶುರುವಾಯಿತು. "ಇನ್ನು ಕರೆಂಟ್ ಹೋಯ್ತು ಅಂತ ಆಸ್ಪತ್ರೆಗೆ ಓಡೋದು ಬೇಡಮ್ಮ, ಆರಾಮಾಗಿ ಮನೇಲೇ ಇರಿ" ಎಂದರು ಮೆಕ್ಯಾನಿಕ್.

ನಾಲ್ಕು ವರ್ಷದಲ್ಲಿ ನಾನು ಹೊಸಿಲು ದಾಟಿದ್ದೆಲ್ಲ ಕರೆಂಟ್ ಹೋದಾಗಲೇ. ಆಸ್ಪತ್ರೆಯಲ್ಲಿ ನರ್ಸ್ ನೋಡಿಕೊಳ್ಳುತ್ತಿದ್ದರು. ನಾನು ಎದುರಿನ ಅಂಗಡಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಇವತ್ತೂ ಅಭ್ಯಾಸಬಲದಿಂದ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಬಿಟ್ಟಿದ್ದೆ.

ತಿಂಗಳಿಗೊಮ್ಮೆ ಹೀಗೇ ಪರೀಕ್ಷೆ ಮಾಡಬೇಕಂತೆ. ಆ ದಿನ ನೀವೇ ಬಂದು ಸ್ವಿಚ್ ಆಫ್ ಮಾಡಿ, ಸಂಜೆಯವರೆಗೆ ಮಾವನವರ ಪಕ್ಕ ಕೂತಿರಿ. ನಾನು ಎರಡೂ ಕಾಲಿಗೆ ಚಪ್ಪಲಿ ಹಾಕಿಕೊಂಡೇ ಕಾಯುತ್ತಿರುತ್ತೇನೆ.

ಇತಿ,
ನಿಮ್ಮ ತಮ್ಮನ ಹೆಂಡತಿ