ಎರಡಿಂಚಿನ ಅಪರಾಧ

ಪ್ರೀತಿಯ ಅಮ್ಮ,

ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನ ಅಳತೆ ಪುಸ್ತಕದಲ್ಲಿ ನನ್ನ ಮಾಜಿ ಗೆಳತಿ ಗುಬ್ಬಿಯ ಸೊಂಟವನ್ನು ಇಪ್ಪತ್ತೆಂಟರಿಂದ ಇಪ್ಪತ್ತಾರಕ್ಕೆ ಇಳಿಸಿದವಳು ನಾನೇ. ಅವಳ ಹೊಸ ಯೂನಿಫಾರ್ಮ್ ಬಿಗಿಯಾದದ್ದರಲ್ಲಿ ನಿನ್ನ ಕತ್ತರಿಯ ತಪ್ಪೇನೂ ಇಲ್ಲ.

ಇದನ್ನು ಬಾಯಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಬಾಯಲ್ಲಿ ಸದಾ ಗುಂಡುಸೂಜಿ. ನಾನೇನು ಹೇಳಿದರೂ ಬರುವ ಉತ್ತರ "ಹೂಂ" ಒಂದೇ. ಗುಬ್ಬಿ ನನ್ನ ಜೊತೆ ಮಾತು ಬಿಟ್ಟಳು ಅಂದಾಗ ಮಾತ್ರ ನೀನು ಸೂಜಿ ತೆಗೆದು, "ನೀನೇ ಏನೋ ಅಂದಿರ್ತೀಯ, ನಿನ್ನ ನಾಲಿಗೆ ನಂಗೊತ್ತಿಲ್ವಾ?" ಅಂದೆ. ನೀನು ಹೆತ್ತದ್ದು ನನ್ನನ್ನೋ ಅವಳನ್ನೋ ಎಂಬ ಅನುಮಾನ ಬಂತು. ನಾನು ಅಂದದ್ದು ಇಷ್ಟೇ: ಅವಳ ಹಾಡು ಕೇಳಿ ಕ್ಲಾಸಿನ ಫ್ಯಾನ್ ತಾನಾಗೇ ನಿಂತುಹೋಯಿತು ಅಂತ. ತಮಾಷೆ ಅರ್ಥವಾಗದವರ ಸ್ನೇಹ ನನಗೂ ಬೇಡ. ಹನ್ನೊಂದು ದಿನದಿಂದ ಅವಳಿಲ್ಲದೆ ರಾಣಿಯ ಹಾಗಿದ್ದೇನೆ.

ನಾಳೆ ನಾಲ್ಕು ಗಂಟೆಗೆ ಅವಳು ಹೊಲಿಗೆ ಬಿಚ್ಚಿಸಲು ಬರುತ್ತಾಳೆ; ಬಿಗಿಯಾಗದಿದ್ದರೆ ಬರುತ್ತಲೇ ಇರಲಿಲ್ಲ. ದಯವಿಟ್ಟು ನಿಧಾನವಾಗಿ ಬಿಚ್ಚು. ನಾನು ಬಂದ ಮೇಲೆ ಗುಂಡಿ ತರುವ ನೆಪದಲ್ಲಿ ಸ್ವಲ್ಪ ಹೊತ್ತು ಹೊರಗೆ ಹೋಗು.

ಯಾಕೆಂದರೆ ಈ ರಾಣಿ ದಿನಾ ಮಧ್ಯಾಹ್ನ ಲೈಬ್ರರಿ ಮೆಟ್ಟಿಲ ಕೆಳಗೆ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡುತ್ತಾಳೆ. ಯಾರಾದರೂ ಬಂದರೆ, ಬಿದ್ದ ಪೆನ್ನು ಹುಡುಕುವವಳ ಹಾಗೆ ನಟಿಸುತ್ತಾಳೆ.

ಇಂತು,
ನಾಲಿಗೆಗೊಂದು ಹೊಲಿಗೆ ಹಾಕಿಸಿಕೊಳ್ಳಬೇಕಾದ ನಿನ್ನ ಮಗಳು