ಹೂವಿನಾಕಾರದ ತೂತು

ಗುತ್ತಲು, ಮಂಡ್ಯ
ಸೋಮವಾರ

ವೀಣಾ, ನಿನ್ನ ಅಜ್ಜಿ ನಾನು, ಕೋಪದಲ್ಲೇ ಬರೆಯುತ್ತಿದ್ದೇನೆ.

ರಜೆಗೆ ಬಂದಾಗ ನೀನು, ಸ್ಕೂಲಿನ ಆಲ್ಬಂಗೆ ಬಣ್ಣದ ಕಾಗದ ದುಬಾರಿ ಎಂದೆ. ದುಡ್ಡು ಹಾಳು ಮಾಡಬೇಡ, ಹಳೇ ಲಗ್ನಪತ್ರಿಕೆ ಕತ್ತರಿಸಿಕೋ, ಗೋಂದಿನ ಬದಲು ಅನ್ನ ಮೆತ್ತು ಎಂದವಳು ನಾನೇ. ನನ್ನ ಮದುವೆಯದನ್ನೂ ಕತ್ತರಿಸು ಅಂದಿದ್ದೆನೇನೇ? ನಮ್ಮಿಬ್ಬರ ಹೆಸರಿದ್ದ ಜಾಗದಲ್ಲಿ ಈಗ ಹೂವಿನಾಕಾರದ ತೂತಿದೆ.

ಸತ್ತು ಒಂಬತ್ತು ವರ್ಷವಾದರೂ ನಿನ್ನ ತಾತ ದಿನಾ ಸಂಜೆ ಜಗಲಿಗೆ ಬಂದು ಕೂತು ಹೋಗುತ್ತಿದ್ದರು. ನೀನು ಅದನ್ನು ಕತ್ತರಿಸಿದಾಗಿನಿಂದ ಬೀದಿಯಲ್ಲೇ ನಿಂತು, "ಇದ್ಯಾರ ಮನೆ ಕಣವ್ವಾ?" ಅಂತಾರೆ. ನಿನ್ನೆ, "ನೀ ಯಾರವ್ವಾ?" ಅಂದರು. ಬಾಯಿ ತೆರೆದೆ, ನನ್ನ ಹೆಸರೇ ಬರಲಿಲ್ಲ.

ಆ ಹೂವನ್ನು ಆಲ್ಬಂನಿಂದ ಹರಿಯದ ಹಾಗೆ ಬಿಡಿಸಿ ಬೇಗ ಅಂಚೆಗೆ ಹಾಕು. ಅಂಟಿಸಲು ಅನ್ನ ತೆಗೆದಿಟ್ಟಿದ್ದೇನೆ. ಲಕೋಟೆಯ ಮೇಲೆ ನನ್ನ ಹೆಸರನ್ನು ದೊಡ್ಡದಾಗಿ ಬರೆ.

ಇಷ್ಟೇ,
ನಿನ್ನ ಅಜ್ಜಿ